2,000 ಡಾಲರ್ ಮಿತಿ: ಬದಲಾಗಿದ್ದು ವರದಿಯ ನಿಯಮ, ತೆರಿಗೆಯ ನಿಯಮವಲ್ಲ

ಅಮೆರಿಕದಲ್ಲಿ ಒಂದು ಸಂಸ್ಥೆಯ ನೌಕರರಾಗದೆ, ಸ್ವತಂತ್ರವಾಗಿ ಕೆಲಸ ಮಾಡಿಕೊಟ್ಟು ಹಣ ಪಡೆಯುವವರ ಸಂಖ್ಯೆ ದೊಡ್ಡದು. ವೆಬ್‌ಸೈಟ್ ವಿನ್ಯಾಸಕರು, ಅನುವಾದಕರು, ಸಲಹೆಗಾರರು, ಛಾಯಾಗ್ರಾಹಕರು, ಊಟ ತಲುಪಿಸುವವರು ಎಲ್ಲರೂ ಈ ಗುಂಪಿನವರೇ. ಇವರಿಗೆ ಕೊಟ್ಟ ಹಣವನ್ನು ಕೊಟ್ಟವರು ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ತಿಳಿಸಲು ಬಳಸುವ ನಮೂನೆಯೇ ಫಾರ್ಮ್ 1099-ಎನ್‌ಇಸಿ. ವರ್ಷಕ್ಕೆ 600 ಡಾಲರ್ ಮುಟ್ಟಿದರೆ ಈ ಫಾರ್ಮ್ ಕೊಡಬೇಕೆಂಬ ನಿಯಮ ಏಳು ದಶಕಗಳಿಂದ ಇತ್ತು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಜುಲೈ 4ರಂದು ಸಹಿ ಹಾಕಿದ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ ಕಾಯ್ದೆ ಆ ಮಿತಿಯನ್ನು 2,000 ಡಾಲರ್‌ಗೆ ಏರಿಸಿತು.

ಸುದ್ದಿ ಹೊರಬಿದ್ದ ಕೂಡಲೇ ‘ಇನ್ನು 2,000 ಡಾಲರ್‌ವರೆಗಿನ ಸಂಪಾದನೆಗೆ ತೆರಿಗೆ ಇಲ್ಲ’ ಎಂಬ ಮಾತು ಹರಡಿತು. ಅದೇ ಕಾಯ್ದೆಯ ಟಿಪ್ಸ್ ಮತ್ತು ಓವರ್‌ಟೈಮ್ ಮೇಲಿನ ತೆರಿಗೆ ರಿಯಾಯಿತಿಗಳು ಚುನಾವಣಾ ಘೋಷಣೆಗಳಂತೆಯೇ ಪ್ರಚಾರ ಪಡೆದದ್ದರಿಂದ, ಇದೂ ಅಂಥದ್ದೇ ಒಂದು ರಿಯಾಯಿತಿ ಎಂದು ಹಲವರು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಹಾಗಲ್ಲ. ಕಾಯ್ದೆ ಸಡಿಲಿಸಿರುವುದು ಹಣ ಕೊಡುವವರ ವರದಿಯ ಹೊಣೆಯನ್ನು ಮಾತ್ರ. ಹಣ ಪಡೆಯುವವರ ತೆರಿಗೆ ಇದರಿಂದ ಒಂದು ಡಾಲರ್ ಕೂಡ ಕಡಿಮೆಯಾಗಿಲ್ಲ.

ಯಾವ ವರ್ಷಕ್ಕೆ ಯಾವ ಮಿತಿ

ಹೊಸ ಮಿತಿ ಅನ್ವಯಿಸುವುದು 2025ರ ಡಿಸೆಂಬರ್ 31ರ ನಂತರ ಪಾವತಿಯಾದ ಹಣಕ್ಕೆ. ಆದ್ದರಿಂದ 2025ರ ದುಡಿಮೆಗೆ ಸಂಬಂಧಿಸಿ 2026ರ ಆರಂಭದಲ್ಲಿ ಕೈಸೇರಬೇಕಾದ ಫಾರ್ಮುಗಳಿಗೆ 600 ಡಾಲರ್ ಲೆಕ್ಕವೇ ಮುಂದುವರಿಯುತ್ತದೆ. 2026ರಲ್ಲಿ ಕೊಟ್ಟ ಹಣಕ್ಕೆ 2,000 ಡಾಲರ್ ಮಿತಿ, ಅದರ ಫಾರ್ಮುಗಳು ಬರುವುದು 2027ರ ಆರಂಭದಲ್ಲಿ. ಅಲ್ಲಿಂದ ಮುಂದೆ ಈ ಮೊತ್ತ ಹಣದುಬ್ಬರಕ್ಕೆ ಅನುಗುಣವಾಗಿ ಏರುತ್ತ ಹೋಗುತ್ತದೆ.

ಹಳೆಯ ಮಿತಿ ತೀರ ಚಿಕ್ಕದಾಗಿತ್ತು ಎಂಬ ವಾದದಲ್ಲಿ ಹುರುಳಿದೆ. 600 ಡಾಲರ್ ಎಂಬುದು 1954ರ ತೆರಿಗೆ ಸಂಹಿತೆಯಲ್ಲಿ ನಿಗದಿಯಾದ ಮೊತ್ತ. ಇಂದಿನ ಬೆಲೆಯಲ್ಲಿ ಅದು ಸುಮಾರು 7,000 ಡಾಲರ್‌ಗೆ ಸಮ. ಬೆಲೆಗಳು ಹನ್ನೆರಡು ಪಟ್ಟು ಏರಿದರೂ ಮಿತಿ ಕದಲದೆ ಇದ್ದುದರಿಂದ, ಒಂದು ಕಾಲಕ್ಕೆ ದೊಡ್ಡ ಗುತ್ತಿಗೆಗಳನ್ನು ಮಾತ್ರ ಹಿಡಿಯುತ್ತಿದ್ದ ನಿಯಮ ಕ್ರಮೇಣ ಅಂಗಡಿಯ ಬೋರ್ಡ್ ಬರೆಸಿದ ಖರ್ಚನ್ನೂ ಹಿಡಿಯತೊಡಗಿತು.

ಫಾರ್ಮಿನ ಹೆಸರು ಕೂಡ ಗೊಂದಲಕ್ಕೆ ತನ್ನ ಪಾಲು ಸೇರಿಸಿದೆ. 2019ರವರೆಗೂ ಈ ಸಂಭಾವನೆಯನ್ನು ಬಾಡಿಗೆ, ಬಹುಮಾನ ಮೊದಲಾದವುಗಳ ಜೊತೆ 1099-ಎಂಐಎಸ್‌ಸಿ ಫಾರ್ಮಿನ ಏಳನೆಯ ಕಲಂನಲ್ಲಿ ತೋರಿಸಲಾಗುತ್ತಿತ್ತು. ಸುಳ್ಳು ರೀಫಂಡ್ ಅರ್ಜಿಗಳನ್ನು ಬೇಗ ಹಿಡಿಯಬೇಕೆಂದು 2015ರ ಕಾಯ್ದೆಯೊಂದು ಈ ಒಂದು ಕಲಂನ ಗಡುವನ್ನು ಮಾತ್ರ ಜನವರಿ 31ಕ್ಕೆ ತಂದಿತು. ಒಂದೇ ಫಾರ್ಮಿಗೆ ಎರಡು ಗಡುವು ಬಂದಾಗ ಆದ ಎಡವಟ್ಟುಗಳನ್ನು ಸರಿಪಡಿಸಲು, 1980ರ ದಶಕದ ಆರಂಭದಲ್ಲೇ ಬಳಕೆ ತಪ್ಪಿದ್ದ ಎನ್‌ಇಸಿ ಫಾರ್ಮನ್ನು 2020ರ ತೆರಿಗೆ ವರ್ಷದಿಂದ ಐಆರ್‌ಎಸ್ ಮತ್ತೆ ಬಳಕೆಗೆ ತಂದಿತು.

ತೆರಿಗೆ ಶುರುವಾಗುವುದು 400ರಿಂದ

ನೌಕರನ ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ ಯೋಜನೆ) ಮತ್ತು ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಬಾಬ್ತು ಶೇ 7.65 ಕಡಿತವಾಗುತ್ತದೆ, ಮಾಲೀಕ ಅಷ್ಟೇ ಮೊತ್ತವನ್ನು ತನ್ನ ಕೈಯಿಂದ ಸೇರಿಸಿ ಸರ್ಕಾರಕ್ಕೆ ಕಟ್ಟುತ್ತಾನೆ. ಸ್ವತಂತ್ರವಾಗಿ ದುಡಿಯುವವರಿಗೆ ಮಾಲೀಕನಿಲ್ಲ. ಹಾಗಾಗಿ ಎರಡೂ ಪಾಲು, ಅಂದರೆ ಶೇ 15.3, ಅವರೇ ಕಟ್ಟಬೇಕು. ಇದೇ ಸ್ವಉದ್ಯೋಗ ತೆರಿಗೆ. ಇದರಲ್ಲಿ ಶೇ 12.4 ಸೋಷಿಯಲ್ ಸೆಕ್ಯುರಿಟಿಗೆ, ಶೇ 2.9 ಮೆಡಿಕೇರ್‌ಗೆ. ಖರ್ಚು ಕಳೆದು ಉಳಿದ ಲಾಭದ ಶೇ 92.35ರಷ್ಟರ ಮೇಲೆ ಇದನ್ನು ಲೆಕ್ಕ ಹಾಕುತ್ತಾರೆ.

ಈ ತೆರಿಗೆಗೆ ತನ್ನದೇ ಆದ ಪ್ರವೇಶ ಮಿತಿ ಇದೆ: ನಿವ್ವಳ ಲಾಭ 400 ಡಾಲರ್. ಹೊಸ ಕಾಯ್ದೆ ಇದನ್ನು ಮುಟ್ಟಿಲ್ಲ. ಇಲ್ಲಿ ಇನ್ನೊಂದು ತಪ್ಪು ಗ್ರಹಿಕೆಯೂ ಸಾಮಾನ್ಯ. 2026ಕ್ಕೆ ಒಬ್ಬಂಟಿಗರ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಿಂದ ನೇರವಾಗಿ ಕಳೆಯಬಹುದಾದ ನಿಗದಿತ ಮೊತ್ತ, 16,100 ಡಾಲರ್ ಇದೆ, ತನ್ನ ಆದಾಯ ಮೂರೇ ಸಾವಿರ, ಆದ್ದರಿಂದ ರಿಟರ್ನ್ ಸಲ್ಲಿಸುವ ಅಗತ್ಯವೇ ಇಲ್ಲ ಎಂದು ಭಾವಿಸುವವರಿದ್ದಾರೆ. ಸ್ಟ್ಯಾಂಡರ್ಡ್ ಡಿಡಕ್ಷನ್ ಆದಾಯ ತೆರಿಗೆಯನ್ನಷ್ಟೇ ಇಳಿಸುತ್ತದೆ, ಸ್ವಉದ್ಯೋಗ ತೆರಿಗೆಯನ್ನಲ್ಲ. 3,000 ಡಾಲರ್ ನಿವ್ವಳ ಲಾಭವಿರುವ ವ್ಯಕ್ತಿಗೆ ಆದಾಯ ತೆರಿಗೆ ಸೊನ್ನೆಯಾದರೂ ಸ್ವಉದ್ಯೋಗ ತೆರಿಗೆ ಸುಮಾರು 424 ಡಾಲರ್ ಬರುತ್ತದೆ, ಅದಕ್ಕಾಗಿ ರಿಟರ್ನ್ ಸಲ್ಲಿಸಲೇಬೇಕು.

ಹೀಗೆ 400 ಡಾಲರ್‌ನಿಂದ ತೆರಿಗೆ, 2,000 ಡಾಲರ್‌ನಿಂದ ವರದಿ ಎಂದಾದಾಗ ನಡುವಿನ ಹಣಕ್ಕೆ ಯಾವ ಕಾಗದವೂ ಬರುವುದಿಲ್ಲ. ಮೊದಲು ಈ ಅಂತರ ಕಿರಿದಾಗಿತ್ತು, ಈಗ ಎಂಟು ಪಟ್ಟು ಅಗಲವಾಗಿದೆ. ಜೊತೆಗೆ 2,000 ಎಂಬುದು ಹಣ ಕೊಡುವ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಅನ್ವಯಿಸುವ ಲೆಕ್ಕ, 400 ಎಂಬುದು ಪಡೆಯುವವರ ಒಟ್ಟು ಲಾಭದ ಲೆಕ್ಕ. ಆದ್ದರಿಂದ ನಿಜವಾದ ಅಂತರ ಕಾಗದದ ಮೇಲೆ ಕಾಣುವುದಕ್ಕಿಂತ ಬಹಳ ದೊಡ್ಡದು.

ಒಂದು ಲೆಕ್ಕ

ಗಂಡನ ಎಚ್-1ಬಿ ವೀಸಾ ಆಧಾರದ ಮೇಲೆ ಎಚ್-4 ವೀಸಾದಲ್ಲಿದ್ದು, ಕೆಲಸದ ಅನುಮತಿ ಪತ್ರವಾದ ಇಎಡಿ ಪಡೆದಿರುವ ವಿನ್ಯಾಸಕಿಯೊಬ್ಬರನ್ನು ಊಹಿಸಿಕೊಳ್ಳೋಣ. 2026ರಲ್ಲಿ ಅವರು ಮೂವರು ಗ್ರಾಹಕರಿಗೆ ಕೆಲಸ ಮಾಡಿ 1,800, 1,500 ಮತ್ತು 1,900 ಡಾಲರ್ ಪಡೆಯುತ್ತಾರೆ. ಒಟ್ಟು 5,200. ಸಾಫ್ಟ್‌ವೇರ್ ಚಂದಾ, ಕಂಪ್ಯೂಟರ್ ಬಿಡಿಭಾಗ ಮುಂತಾದ ಖರ್ಚು 1,200 ಕಳೆದರೆ ನಿವ್ವಳ ಲಾಭ 4,000 ಡಾಲರ್.

ಇದರ ಶೇ 92.35 ಎಂದರೆ 3,694. ಅದರ ಶೇ 15.3, ಅಂದರೆ 565 ಡಾಲರ್ ಸ್ವಉದ್ಯೋಗ ತೆರಿಗೆ. ಇದರ ಅರ್ಧದಷ್ಟನ್ನು, 283 ಡಾಲರನ್ನು, ಆದಾಯದಿಂದ ಕಳೆಯಲು ಅವಕಾಶವಿದೆ. ಉಳಿದ ಲಾಭದ ಶೇ 20ರಷ್ಟು ಕಡಿತ ಕೊಡುವ ಕ್ಯೂಬಿಐ (ಅರ್ಹ ವ್ಯವಹಾರ ಆದಾಯ) ಸೌಲಭ್ಯವನ್ನು ಇದೇ ಕಾಯ್ದೆ ಕಾಯಂಗೊಳಿಸಿದೆ, ಅದರಿಂದ ಇನ್ನೂ 743 ಡಾಲರ್ ಕಳೆಯುತ್ತದೆ. ಉಳಿಯುವ 2,974 ಡಾಲರ್ ಮೇಲೆ, ದಂಪತಿಯ ಜಂಟಿ ಆದಾಯ ಶೇ 22ರ ಹಂತದಲ್ಲಿದ್ದರೆ, 654 ಡಾಲರ್ ಆದಾಯ ತೆರಿಗೆ. ಎರಡೂ ಸೇರಿ 1,219 ಡಾಲರ್. ರಾಜ್ಯದ ತೆರಿಗೆ ಬೇರೆ.

ಹಳೆಯ ನಿಯಮದಲ್ಲಿ ಇವರಿಗೆ ಮೂರು 1099-ಎನ್‌ಇಸಿ ಬರುತ್ತಿದ್ದವು, ಹೊಸ ನಿಯಮದಲ್ಲಿ ಒಂದೂ ಬರಬೇಕಿಲ್ಲ. ತೆರಿಗೆ ಮಾತ್ರ ಎರಡೂ ಸಂದರ್ಭದಲ್ಲಿ ಅದೇ 1,219. ಅಜ್ಜಿಯ ಕೋಳಿ ಕೂಗದಿದ್ದರೂ ಬೆಳಗಾಗುವಂತೆ, ಫಾರ್ಮ್ ಬಾರದಿದ್ದರೂ ತೆರಿಗೆ ಬಂದೇ ಬರುತ್ತದೆ.

ಈ ಹಣದಲ್ಲಿ ಮೂಲದಲ್ಲೇ ಏನೂ ಕಡಿತವಾಗಿರುವುದಿಲ್ಲ ಎಂಬುದೂ ಮುಖ್ಯ. ಭಾರತದಲ್ಲಿ ವೃತ್ತಿಪರ ಶುಲ್ಕಕ್ಕೆ ಟಿಡಿಎಸ್ ಹಿಡಿಯುವ ಪದ್ಧತಿಗೆ ಒಗ್ಗಿದವರಿಗೆ ಇದು ಹೊಸತು. ತೆರಿಗೆಯನ್ನು ಏಪ್ರಿಲ್, ಜೂನ್, ಸೆಪ್ಟೆಂಬರ್ ಮತ್ತು ಮರುವರ್ಷದ ಜನವರಿ, ಈ ನಾಲ್ಕು ತಿಂಗಳ 15ರ ಗಡುವಿನೊಳಗೆ ಕಂತುಗಳಲ್ಲಿ ತಾವೇ ಕಟ್ಟಬೇಕು. ವರ್ಷದ ಕೊನೆಗೆ 1,000 ಡಾಲರ್ ಅಥವಾ ಹೆಚ್ಚು ಬಾಕಿ ಉಳಿದರೆ, ಈ ವರ್ಷದ ತೆರಿಗೆಯ ಶೇ 90 ಇಲ್ಲವೇ ಹಿಂದಿನ ವರ್ಷದ ತೆರಿಗೆಯ ಶೇ 100 (ಆದಾಯ 1,50,000 ಡಾಲರ್ ದಾಟಿದ್ದರೆ ಶೇ 110) ಮೊದಲೇ ಕಟ್ಟಿದ್ದರೆ ಮಾತ್ರ ದಂಡದಿಂದ ಪಾರಾಗಬಹುದು. ಮೇಲಿನ ದಂಪತಿಗೆ ಸುಲಭದ ದಾರಿ ಎಂದರೆ, ಗಂಡನ ಕಂಪನಿಗೆ ತೆರಿಗೆ ಕಡಿತದ ಸೂಚನಾ ನಮೂನೆಯಾದ ಡಬ್ಲ್ಯೂ-4 ಅನ್ನು ಹೊಸದಾಗಿ ಕೊಟ್ಟು ಅವನ ಸಂಬಳದಲ್ಲೇ ಸ್ವಲ್ಪ ಹೆಚ್ಚು ಕಡಿತ ಮಾಡಿಸುವುದು.

ಪರ ಮತ್ತು ವಿರೋಧ

ಮಿತಿ ಏರಿಕೆಯನ್ನು ಬೆಂಬಲಿಸುವವರು ಮುಖ್ಯವಾಗಿ ಸಣ್ಣ ವ್ಯಾಪಾರಿಗಳು. ನೂರು ಸಣ್ಣ ಪಾವತಿಗಳಿಗೆ, ಹಣ ಪಡೆಯುವವರು ತಮ್ಮ ಹೆಸರು ಮತ್ತು ತೆರಿಗೆ ಸಂಖ್ಯೆ ಬರೆದುಕೊಡುವ ಡಬ್ಲ್ಯೂ-9 ನಮೂನೆಗಳನ್ನು ನೂರು ಸಂಗ್ರಹಿಸಿ, ಪ್ರತಿಯೊಬ್ಬರ ತೆರಿಗೆ ಸಂಖ್ಯೆ ಸರಿಯಿದೆಯೇ ನೋಡಿ, ಜನವರಿ ಮುಗಿಯುವುದರೊಳಗೆ ಫಾರ್ಮ್ ಕಳಿಸುವುದು ಲೆಕ್ಕಿಗನಿಲ್ಲದ ಅಂಗಡಿಗೆ ಹೊರೆಯೇ ಸರಿ. ತಡವಾದರೆ ಒಂದೊಂದು ಫಾರ್ಮಿಗೂ ವಿಳಂಬದ ಅವಧಿ ನೋಡಿಕೊಂಡು 60 ಡಾಲರ್‌ನಿಂದ ಶುರುವಾಗಿ 300 ಡಾಲರ್ ಮೀರುವ ದಂಡವಿದೆ. ಮಾಹಿತಿ ವರದಿಗಳೆಲ್ಲ ಸೇರಿ ಹತ್ತು ಮುಟ್ಟಿದರೆ ವಿದ್ಯುನ್ಮಾನ ರೂಪದಲ್ಲೇ ಸಲ್ಲಿಸಬೇಕೆಂಬ ನಿಯಮವೂ 2024ರಿಂದ ಜಾರಿಯಲ್ಲಿದೆ.

ವಿರೋಧಿಸುವವರ ವಾದಕ್ಕೆ ಐಆರ್‌ಎಸ್‌ನದೇ ಅಂಕಿ ಅಂಶಗಳ ಬಲವಿದೆ. ಇಲಾಖೆಯ ಅಂದಾಜಿನಂತೆ, ಮೂಲದಲ್ಲೇ ಕಡಿತವಾಗುವ ಸಂಬಳದ ಆದಾಯದಲ್ಲಿ ತಪ್ಪಿಹೋಗುವುದು ಕೇವಲ ಶೇ 1ರಷ್ಟು. ಮೂರನೆಯವರ ವರದಿ ಇಲ್ಲದ, ಅಥವಾ ಅಲ್ಪಸ್ವಲ್ಪ ಮಾತ್ರ ಇರುವ ಆದಾಯದಲ್ಲಿ, ಅಂದರೆ ಸ್ವಂತ ವ್ಯವಹಾರದವರ ಗಳಿಕೆಯೂ ಸೇರಿದ ವರ್ಗದಲ್ಲಿ, ಅದು ಶೇ 55. 2022ರಲ್ಲಿ ಕಟ್ಟಬೇಕಿದ್ದ ತೆರಿಗೆಗೂ ಸಕಾಲಕ್ಕೆ ಕಟ್ಟಿದ ತೆರಿಗೆಗೂ ನಡುವಿನ ಅಂತರವನ್ನು ಇಲಾಖೆ 696 ಶತಕೋಟಿ ಡಾಲರ್ ಎಂದು ಅಂದಾಜಿಸಿತ್ತು. ಬೇರೊಬ್ಬರು ವರದಿ ಮಾಡಿದ್ದಾರೆ ಎಂದು ಗೊತ್ತಿದ್ದಾಗ ಜನ ಸರಿಯಾಗಿ ತೋರಿಸುತ್ತಾರೆ, ಇಲ್ಲದಾಗ ಕೈಬಿಡುತ್ತಾರೆ ಎಂಬುದನ್ನು ಈ ಅಂಕಿಗಳಿಗಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಎರಡೂ ಕಡೆಯವರು ಅಷ್ಟಾಗಿ ಮಾತಾಡದ ಒಂದು ಸಂಗತಿ ಇದೆ. ಕೈಬಿಡುವವರೆಲ್ಲ ವಂಚಕರಲ್ಲ. ಜನವರಿಯಲ್ಲಿ ಬಂದ ಫಾರ್ಮುಗಳನ್ನೇ ತಮ್ಮ ಆದಾಯದ ಪಟ್ಟಿ ಎಂದುಕೊಂಡು, ಬಂದಷ್ಟನ್ನು ತೆರಿಗೆ ಸಾಫ್ಟ್‌ವೇರ್‌ಗೆ ತುಂಬಿಸಿ ಸಲ್ಲಿಸುವವರೇ ಬಹಳ. ಅಂಥವರಿಗೆ ಫಾರ್ಮ್ ಒಂದು ಜ್ಞಾಪನ ಪತ್ರವೂ ಆಗಿತ್ತು. ಮಿತಿ ಏರಿಸಿದಾಗ ಕೊಡುವವರ ಹೊರೆ ಇಳಿಯಿತು ಎನ್ನುವುದು ಅರ್ಧ ಸತ್ಯ, ಬರೆದಿಡುವ ಆ ಕೆಲಸ ಪಡೆಯುವವರ ಹೆಗಲಿಗೆ ದಾಟಿತು ಎನ್ನುವುದು ಉಳಿದರ್ಧ. ಕಾಯ್ದೆ ಹೊರಬಂದಾಗ ಈ ಎರಡನೆಯ ಅರ್ಧವನ್ನು ಜನರಿಗೆ ತಿಳಿಹೇಳುವ ಪ್ರಯತ್ನ ಸಾಲದಾಯಿತು ಎಂದೇ ಹೇಳಬೇಕು.

ಆ್ಯಪ್ ಮೂಲಕ ಬಂದ ಹಣ

ಕ್ರೆಡಿಟ್ ಕಾರ್ಡ್‌ನಲ್ಲಾಗಲಿ, ಪೇಪಾಲ್‌ನಂಥ ಸೇವೆಯ ವ್ಯವಹಾರ ಖಾತೆಯ ಮೂಲಕವಾಗಲಿ ಸಂಭಾವನೆ ಬಂದರೆ ಗ್ರಾಹಕರು ಎನ್‌ಇಸಿ ಕೊಡುವಂತಿಲ್ಲ. ಆ ಹಣವನ್ನು ಪಾವತಿ ಸಂಸ್ಥೆಯೇ 1099-ಕೆ ಎಂಬ ಬೇರೆ ಫಾರ್ಮಿನಲ್ಲಿ ವರದಿ ಮಾಡುತ್ತದೆ. ಪೇಪಾಲ್‌ನಂಥ ಸೇವೆಗಳಿಗೂ ಮಾರಾಟದ ಆ್ಯಪ್‌ಗಳಿಗೂ ಅನ್ವಯಿಸುವ ಇದರ ಮಿತಿ ಇನ್ನೂ ಹೆಚ್ಚು ಸಲ ಹಿಂದೆ ಮುಂದೆ ಓಡಾಡಿದೆ. 20,000 ಡಾಲರ್ ಮತ್ತು 200 ವಹಿವಾಟು ದಾಟಿದರೆ ಮಾತ್ರ ಎಂದಿದ್ದ ನಿಯಮವನ್ನು 2021ರ ಕಾಯ್ದೆ 600 ಡಾಲರ್‌ಗೆ ಇಳಿಸಿತು. ಐಆರ್‌ಎಸ್ ಅದರ ಜಾರಿಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡಿ 2024ಕ್ಕೆ 5,000, 2025ಕ್ಕೆ 2,500 ಎಂದು ಮೆಟ್ಟಿಲು ಹಾಕಿತು. ಈಗಿನ ಕಾಯ್ದೆ ಎಲ್ಲವನ್ನೂ ಪೂರ್ವಾನ್ವಯವಾಗಿ ಅಳಿಸಿ ಹಳೆಯ 20,000 ಮತ್ತು 200ಕ್ಕೇ ಮರಳಿದೆ.

ಝೆಲ್ ಮೂಲಕ ಬಂದ ಹಣ ಮಾತ್ರ ಬೇರೆ. ಅದು ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆಯಾದ್ದರಿಂದ 1099-ಕೆ ಬರುವುದಿಲ್ಲ, ಚೆಕ್ ಕೊಟ್ಟಂತೆಯೇ ಪರಿಗಣಿಸಿ ಮಿತಿ ಮುಟ್ಟಿದರೆ ಗ್ರಾಹಕರೇ ಎನ್‌ಇಸಿ ಕೊಡಬೇಕು. ರಾಜ್ಯಗಳೂ ಸುಮ್ಮನಿಲ್ಲ. ಕನ್ನಡಿಗರು ಹೆಚ್ಚಿರುವ ನ್ಯೂಜೆರ್ಸಿಯಲ್ಲಿ 1099-ಕೆಗೆ 1,000 ಡಾಲರ್ ಮಿತಿ ಇದೆ, ಹಾಗಾಗಿ ಫೆಡರಲ್ ಸರ್ಕಾರಕ್ಕೆ ಬೇಡವಾದ ಫಾರ್ಮ್ ರಾಜ್ಯಕ್ಕಾಗಿ ಬರಬಹುದು.

ವೀಸಾದ ತೊಡಕು

ಭಾರತದಿಂದ ಹೋದವರಿಗೆ ತೆರಿಗೆಗಿಂತ ದೊಡ್ಡ ಅಪಾಯ ಇಲ್ಲಿದೆ. ಎಚ್-1ಬಿ ವೀಸಾದವರು ತಮಗಾಗಿ ಅರ್ಜಿ ಹಾಕಿದ ಸಂಸ್ಥೆಗಷ್ಟೇ ದುಡಿಯಬಹುದು. ಸಂಜೆ ಹೊತ್ತು ಬೇರೆಯವರಿಗೆ ಮಾಡಿಕೊಟ್ಟ ಸಲಹಾ ಕೆಲಸಕ್ಕೆ ಎನ್‌ಇಸಿ ಬಂದರೆ ಅದು ಅನುಮತಿಯಿಲ್ಲದ ದುಡಿಮೆಯ ದಾಖಲೆಯೂ ಆಗುತ್ತದೆ. ವಿದ್ಯಾರ್ಥಿ ವೀಸಾದವರಿಗೆ ವ್ಯಾಸಂಗದ ನಂತರ ಸಿಗುವ ಕೆಲಸದ ಅನುಮತಿಯಾದ ಸಾಮಾನ್ಯ ಒಪಿಟಿಯಲ್ಲಿ ಓದಿನ ವಿಷಯಕ್ಕೆ ಹೊಂದುವ ಸ್ವಉದ್ಯೋಗಕ್ಕೆ ಅವಕಾಶವಿದೆ, ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಸಿಗುವ ಸ್ಟೆಮ್ ವಿಸ್ತರಣೆಯಲ್ಲಿ ಇಲ್ಲ. ಇನ್ನು ಫಾರ್ಮ್ ಬಾರದಿದ್ದರೆ ಯಾರಿಗೂ ಗೊತ್ತಾಗದು ಎಂಬ ಲೆಕ್ಕಾಚಾರದಲ್ಲಿ ಎರಡು ತಪ್ಪಿವೆ: ಆದಾಯವನ್ನು ರಿಟರ್ನ್‌ನಲ್ಲಿ ತೋರಿಸುವ ಕಾನೂನು ಹೊಣೆ ಹಾಗೇ ಇರುತ್ತದೆ, ತೋರಿಸದಿದ್ದರೆ ವೀಸಾ ಉಲ್ಲಂಘನೆಯ ಜೊತೆಗೆ ತೆರಿಗೆ ತಪ್ಪಿಸಿದ ಆರೋಪವೂ ಸೇರಿಕೊಳ್ಳುತ್ತದೆ.

ಹಣ ಕೊಡುವ ಕಡೆಯಲ್ಲಿ ಕನ್ನಡ ಕೂಟಗಳೂ ಇವೆ. ಲಾಭರಹಿತ ಸಂಸ್ಥೆಗಳಿಗೆ ಈ ವರದಿಯಿಂದ ವಿನಾಯಿತಿ ಇಲ್ಲ. ಯುಗಾದಿ ಕಾರ್ಯಕ್ರಮಕ್ಕೆ ಸ್ಥಳೀಯ ಧ್ವನಿವರ್ಧಕದವರಿಗೋ ಅಡುಗೆಯವರಿಗೋ ವರ್ಷದಲ್ಲಿ 2,000 ಡಾಲರ್ ಕೊಟ್ಟರೆ, ಅವರು ಕಾರ್ಪೊರೇಷನ್ ಆಗಿರದ ಪಕ್ಷದಲ್ಲಿ, ಎನ್‌ಇಸಿ ಕೊಡಬೇಕು. ಮಗಳಿಗೆ ಸಂಗೀತ ಹೇಳಿಕೊಡುವ ಗುರುಗಳಿಗೆ ತಾಯಿ ತಂದೆ ಕೊಡುವ ಶುಲ್ಕ ವ್ಯವಹಾರದ ಪಾವತಿಯಲ್ಲವಾದ್ದರಿಂದ ಅವರಿಗೆ ಈ ಹೊಣೆಯಿಲ್ಲ, ಗುರುಗಳಿಗೆ ಮಾತ್ರ ಅದು ತೆರಿಗೆಯುಳ್ಳ ಆದಾಯವೇ. ಕರ್ನಾಟಕದಿಂದ ಬಂದು ಅಲ್ಲಿನ ವೇದಿಕೆಯಲ್ಲಿ ಹಾಡಿದ ಕಲಾವಿದರ ವಿಷಯ ಸಂಪೂರ್ಣ ಬೇರೆ: ಅವರಿಗೆ ಎನ್‌ಇಸಿ ಅಲ್ಲ, ವಿದೇಶಿಯರಿಗೆ ಕೊಟ್ಟ ಹಣದ ಫಾರ್ಮ್ ಆದ 1042-ಎಸ್. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ರಿಯಾಯಿತಿ ಅನ್ವಯಿಸದಿದ್ದರೆ ಶೇ 30ರಷ್ಟು ಮೂಲದಲ್ಲೇ ಕಡಿತ. 2,000 ಡಾಲರ್ ಮಿತಿಗೂ ಇದಕ್ಕೂ ಸಂಬಂಧವಿಲ್ಲ.

ಮೈಸೂರಿನಲ್ಲಿ ಕೂತು ದುಡಿದರೆ

ಭಾರತದ ಪ್ರಜೆಯೊಬ್ಬರು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಅಮೆರಿಕದ ಕಂಪನಿಗೆ ಕೋಡ್ ಬರೆದುಕೊಟ್ಟರೆ, ಕೆಲಸ ನಡೆದ ಜಾಗ ಅಮೆರಿಕವಲ್ಲವಾದ್ದರಿಂದ ಆ ಆದಾಯ ಅಮೆರಿಕದ ಮೂಲದ್ದೆಂದು ಪರಿಗಣನೆಯಾಗುವುದಿಲ್ಲ. ಕಂಪನಿ ತಾನು ಅಮೆರಿಕದವನಲ್ಲ ಎಂದು ಅವರು ಘೋಷಿಸುವ ಡಬ್ಲ್ಯೂ-8ಬಿಇಎನ್ ನಮೂನೆ ಪಡೆದು ಇಟ್ಟುಕೊಳ್ಳುತ್ತದೆ, 1099 ಕೊಡುವುದಿಲ್ಲ, ತೆರಿಗೆ ಹಿಡಿಯುವುದಿಲ್ಲ. ಆ ಹಣಕ್ಕೆ ತೆರಿಗೆ ಬೀಳುವುದು ಭಾರತದಲ್ಲಿ, ಅಲ್ಲಿನ ದರದಲ್ಲಿ.

ಅಮೆರಿಕದ ಪೌರತ್ವ ಪಡೆದು ಬೆಂಗಳೂರಿಗೆ ಮರಳಿದವರ ಸ್ಥಿತಿ ಹಾಗಲ್ಲ. ಅವರು ಎಲ್ಲಿದ್ದರೂ ಅಮೆರಿಕಕ್ಕೆ ಲೆಕ್ಕ ಒಪ್ಪಿಸಬೇಕು. ವಿದೇಶದ ದುಡಿಮೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಸ್ವಉದ್ಯೋಗ ತೆರಿಗೆಗೆ ಅನ್ವಯಿಸುವುದಿಲ್ಲ. ಹಲವು ದೇಶಗಳೊಂದಿಗೆ ಅಮೆರಿಕ ಮಾಡಿಕೊಂಡಿರುವ ಸಾಮಾಜಿಕ ಭದ್ರತಾ ಒಪ್ಪಂದ ಭಾರತದೊಂದಿಗೆ ಇಲ್ಲವಾದ್ದರಿಂದ ಶೇ 15.3ರಿಂದ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಬೆಂಗಳೂರಿನಿಂದ ಮಾಡಿದ ಫ್ರೀಲ್ಯಾನ್ಸ್ ಕೆಲಸಕ್ಕೆ ಎನ್‌ಇಸಿ ಬರಲಿಲ್ಲವೆಂದು ಇವರು ಸುಮ್ಮನಿದ್ದರೆ ಬಾಕಿ ಬೆಳೆಯುತ್ತ ಹೋಗುತ್ತದೆ.

ಪರಿಣಾಮಗಳು

2025ರಲ್ಲಿ ಐಆರ್‌ಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಕಾಲು ಭಾಗವನ್ನು ಕಳೆದುಕೊಂಡಿತು. ಆಳುಗಳು ಕಡಿಮೆಯಾದಷ್ಟೂ ಇಲಾಖೆ ನೆಚ್ಚಿಕೊಳ್ಳುವುದು ಫಾರ್ಮನ್ನೂ ರಿಟರ್ನನ್ನೂ ಕಂಪ್ಯೂಟರಿನಲ್ಲಿ ತಾಳೆ ನೋಡುವ ವ್ಯವಸ್ಥೆಯನ್ನು. ಆ ವ್ಯವಸ್ಥೆಗೆ ಬೇಕಾದ ಫಾರ್ಮುಗಳನ್ನೇ ಹೊಸ ಮಿತಿ ಕಡಿಮೆ ಮಾಡಿದೆ. ಆದ್ದರಿಂದ ಸಣ್ಣ ಮೊತ್ತಗಳು ಇಲಾಖೆಯ ಕಣ್ಣಿಗೆ ಬೀಳುವ ಸಂಭವ ಸದ್ಯಕ್ಕೆ ಕಡಿಮೆಯೇ. ಆದರೆ ತಪಾಸಣೆ ಬಂದಾಗ ಅಧಿಕಾರಿಗಳು ನೋಡುವುದು ಬ್ಯಾಂಕ್ ಖಾತೆಯ ಜಮೆಗಳನ್ನು, ರಿಟರ್ನ್ ಸಲ್ಲಿಸದ ವರ್ಷಕ್ಕಂತೂ ತೆರಿಗೆ ಕೇಳಲು ಕಾಲಮಿತಿಯೇ ಇಲ್ಲ.

ಅದಕ್ಕಿಂತ ಖಚಿತವಾದ ನಷ್ಟ ನಿವೃತ್ತಿಯ ಲೆಕ್ಕದಲ್ಲಿದೆ. ಸೋಷಿಯಲ್ ಸೆಕ್ಯುರಿಟಿಯ ನಿವೃತ್ತಿ ಪಿಂಚಣಿಗೆ ಸ್ವಂತ ಅರ್ಹತೆ ಬರಲು 40 ಕ್ರೆಡಿಟ್ ಬೇಕು. 2026ರಲ್ಲಿ ಒಂದು ಕ್ರೆಡಿಟ್‌ಗೆ 1,890 ಡಾಲರ್ ಗಳಿಕೆ ತೋರಿಸಬೇಕು, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ಮೇಲೆ ಹೇಳಿದ ವಿನ್ಯಾಸಕಿಯ 3,694 ಡಾಲರ್‌ಗೆ ಒಂದು ಕ್ರೆಡಿಟ್ ಸಿಗುತ್ತದೆ, ಎರಡನೆಯದು 86 ಡಾಲರ್‌ನಲ್ಲಿ ತಪ್ಪುತ್ತದೆ. ನೌಕರಿಗೆ ಅವಕಾಶ ಸಿಗದೆ ವರ್ಷಗಳನ್ನು ಕಳೆದ ಎಚ್-4 ಮಹಿಳೆಯರಿಗೆ ಈ ಒಂದೊಂದು ಕ್ರೆಡಿಟ್ಟೂ ಬೆಲೆಯುಳ್ಳದ್ದು. ಸ್ವಉದ್ಯೋಗದ ಗಳಿಕೆ ಈ ಖಾತೆಗೆ ಸೇರಬೇಕಾದರೆ ಆ ವರ್ಷ ಮುಗಿದು 3 ವರ್ಷ, 3 ತಿಂಗಳು, 15 ದಿನಗಳೊಳಗೆ ರಿಟರ್ನ್‌ನಲ್ಲಿ ತೋರಿಸಿರಬೇಕು. 2026ರ ದುಡಿಮೆಗೆ ಆ ಗಡುವು 2030ರ ಏಪ್ರಿಲ್ 15. ಅದಾದ ಮೇಲೆ ತೋರಿಸಿದರೆ ತೆರಿಗೆ, ಬಡ್ಡಿ, ದಂಡ ಎಲ್ಲವನ್ನೂ ಕಟ್ಟಬೇಕಾಗುತ್ತದೆ, ಕ್ರೆಡಿಟ್ ಮಾತ್ರ ಸಿಗುವುದಿಲ್ಲ.